ನಾಲ್ಕನೆಯ ನಿಮಿಷ

ಚಳ್ಳಕೆರೆ. ಮುಚ್ಚಿದ ಶೇಂಗಾ ಎಣ್ಣೆ ಮಿಲ್ಲು.
ಗಾಣ ತಿರುಗುತ್ತಿದ್ದ ಮಣ್ಣುನೆಲದ ಮೇಲೆ ಈಗ ಒಂದು ವಿಮಾನ,
ಎರಡು ಸೀಟು, ಒಂದಕ್ಕೆ ಮಾತ್ರ ಕುಶನ್ನು.
ರೆಕ್ಕೆಯ ಹೊಸ ಬಣ್ಣದಲ್ಲೂ
ಹಿಂಡಿಯ ವಾಸನೆ.

ಪಾಲಯ್ಯಮಾವ ಬೋರ್‌ವೆಲ್ ಮೋಟಾರು ಕಟ್ಟುವವನು.
ನಾನು ಮಿಲ್ಲಿನ ಹಳೇ ಲೆಕ್ಕದ ಪುಸ್ತಕದಲ್ಲಿ
ಜಮಾ ಕಡೆ ಎಂಜಿನ್ನು ಓಡಿದ ನಿಮಿಷ,
ಖರ್ಚಿನ ಕಡೆ ನಿಂತ ಕಾರಣ ಬರೆಯುವವಳು.

ಮೊದಲ ವಾರ ಹತ್ತು ನಿಮಿಷ ಓಡಿ ಸಾಯುತ್ತಿತ್ತು.
ಬಿಸಿಲಿಗೆ ಪೈಪಿನೊಳಗೇ ಪೆಟ್ರೋಲು ಕುದ್ದು
ಪಂಪು ಆವಿ ನುಂಗ್ತಿದೆ ಎಂದ ಮಾವ,
ಗೋಣಿಚೀಲ ನೆನೆಸಿ ಸುತ್ತಿದ.
ಹತ್ತು ಹದಿನೈದಾಯಿತು.
ದಪ್ಪಕ್ಷರದಲ್ಲಿ ಬರೆದೆ.

ಆಮೇಲೊಂದು ಬುಧವಾರ
ನಾಲ್ಕನೆಯ ನಿಮಿಷಕ್ಕೆ ಕೆಮ್ಮಿ ನಿಂತಿತು.
ಗುರುವಾರವೂ ನಾಲ್ಕೇ.

ಫಿಲ್ಟರು ಬಿಚ್ಚಿ ಬಿಳಿ ತಟ್ಟೆಗೆ ಸುರಿದೆವು, ಕಸವಿಲ್ಲ.
ಕಾರ್ಬ್ಯುರೇಟರಿನ ಜೆಟ್ಟನ್ನು ಬೆಳಕಿಗೆ ಹಿಡಿದೆ,
ಸೂಜಿಮೊನೆಯಷ್ಟು ಆಕಾಶ ಕಂಡಿತು.
ಪಂಪಿನ ಪೊರೆ ಹರಿದಿರಲಿಲ್ಲ, ಆದರೂ ಬದಲಿಸಿದೆವು,
ದಾವಣಗೆರೆ ಬಸ್ಸಿನ ಡ್ರೈವರ್ ಕೈಲಿ ತರಿಸಿದ್ದು, ಏಳುನೂರ ನಲವತ್ತು.
ಖಾಸಿಂ ಸಾಬರು ಬಂದು, ಬೀಡಿ ಹಚ್ಚಹೋಗಿ ಬೈಸಿಕೊಂಡು,
"ಒಂದು ಸಲಕ್ಕೆ ಒಂದೇ ಬದ್ಲಿಸ್ರಿ,
ಇಲ್ಲಾಂದ್ರೆ ವಾಸಿ ಮಾಡಿದ್ದು ಯಾವುದಂತ ಗೊತ್ತಾಗಲ್ಲ" ಎಂದು ಹೋದರು.

ಒಂಬತ್ತನೇ ದಿನ, ನಿಂತ ಎಂಜಿನ್ನಿನ ಮೌನದಲ್ಲಿ
ಅಳತೆ ನೋಡಲೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ.
ಸ್ಸ್ಸ್
ಒಳಗೆಳೆದುಕೊಂಡ ಉಸಿರು,
ಬಿಕ್ಕುವ ಮುಂಚಿನದು.
ಗಾಳಿ ಒಳಗೆ ಬರದೆ ಎಣ್ಣೆ ಕೆಳಗಿಳಿಯದು.
ಡಬ್ಬಿಗೆ ಎರಡನೇ ತೂತು ಹೊಡೆಯದೆ
ಎಣ್ಣೆ ಸುರಿಯದ ಊರಿನವರು ನಾವು, ಮರೆತಿದ್ದೆವು.

ರೆಕ್ಕೆಯಡಿಯ ಉಸಿರುನಳಿಗೆ ಸೈಕಲ್ ಕಡ್ಡಿ ತೂರಿಸಿದೆ.
ಕೆಂಪುಮಣ್ಣಿನ ಬಿರಡೆ. ಅದರೊಳಗೆ
ಸಾಯದೆ ಮರಗಟ್ಟಿದ ಐದು ಹಸಿರು ಹುಳ,
ನಡುವೆ ಅಕ್ಕಿಕಾಳಿನಷ್ಟು ಮರಿ, ಉಣ್ಣುತ್ತಿತ್ತು.
ಕುಂಬಾರ ಹುಳದ ಮನೆ.

ಈ ಬಿಸಿಲಲ್ಲಿ ಹಸಿಮಣ್ಣು ಎಲ್ಲಿ ಸಿಕ್ಕಿತೋ ಎಂದೆ.
ಮಾವ ಮಾತಾಡದೆ ಗೋಣಿ ತೋರಿಸಿದ.
ಅದು ತೊಟ್ಟಿಕ್ಕಿದಲ್ಲಿ ಹಪ್ಪಳದಗಲ ಒದ್ದೆ ನೆಲ,
ಅಂಚಿನಲ್ಲಿ ಕಚ್ಚಿ ಕಚ್ಚಿ ತೆಗೆದ ಸಣ್ಣ ಕುಳಿಗಳು.

ನಳಿಯ ಬಾಯಿಗೆ ಜಾಲರಿ ಕಟ್ಟಿದೆವು.
ಇಪ್ಪತ್ತಾರು ನಿಮಿಷ. ನಾವೇ ನಿಲ್ಲಿಸಿದೆವು.
ಖರ್ಚಿನ ಕಡೆ "ನೀರು" ಎಂದು ಬರೆದೆ.
ಮರಿಯಿದ್ದ ಮಣ್ಣನ್ನು ಮಾವ ಕಿಟಕಿಯಲ್ಲಿಟ್ಟ,
ಬದುಕುತ್ತೋ ಇಲ್ಲವೋ.

ಸಂಜೆ ಒಂದು ಹುಳ
ಬಾಯಲ್ಲಿ ಹಸಿ ಉಂಡೆ ಹಿಡಿದು
ಜಾಲರಿಯ ಸುತ್ತ ನಡೆದಾಡುತ್ತಿತ್ತು,
ಎಲ್ಲಿ ತಪ್ಪಿತೆಂದು
ಒಂದೊಂದೇ ತೂತು ಮುಟ್ಟಿ ನೋಡುತ್ತ.