ಎಲೆಕ್ಷನ್ ತಿಂಗಳ ಹಿತ್ತಾಳೆ

ಕೋವಿ ಠಾಣೆ ಸೇರಿದ ಮಾರನೇ ದಿನವೇ
ಸಾದಲಿ ಬಸ್ಸಿಳಿದು ಬರುತ್ತಾರೆ ಬಯ್ಯಾರೆಡ್ಡಿ,
ಯೂರಿಯಾ ಚೀಲದ ತುಂಡಲ್ಲಿ ಗಂಟು ಕಟ್ಟಿದ
ಖಾಲಿ ತೋಟಾಗಳ ಜೊತೆ.
ಮೂವತ್ತಾರು, ಎಣಿಸಿಕೋ, ಎನ್ನುತ್ತಾರೆ.
ಎಣಿಸದೆ ನಾನು ಮುಟ್ಟುವುದಿಲ್ಲ. ಮಾವ ಕಲಿಸಿದ್ದು.

ಮಾವ ಚಾಂದ್‌ಪೀರಾ ಕೋವಿ ರಿಪೇರಿಯವರು.
ಅವರು ಹೋದರು, ಅಂಗಡಿ ಹೋಯಿತು, ಬೋರ್ಡು ಗುಜರಿಗೆ ಹೋಯಿತು.
ಇದೊಂದು ಗಂಟು ಮಾತ್ರ
ದಾರಿ ಮರೆಯದ ಮೇಕೆಯ ಹಾಗೆ
ಶಿಡ್ಲಘಟ್ಟದ ಈ ಓಣಿಗೇ ಬರುತ್ತದೆ,
ಇದೀಗ ಬರೀ ರೇಷ್ಮೆ ನೂಲು ಬಿಚ್ಚುವ ಮನೆಯೆಂದು ಗೊತ್ತಿದ್ದೂ.

ಮದ್ದು ತುಂಬುವುದು ಅವರ ಪಾಡು.
ತೊಳೆಯುವುದು ನನ್ನದು.

ಮೊದಲ ದಿನ ಹುಣಸೆ ನೀರು.
ಎನಾಮಲ್ ಬೋಗುಣಿಯಲ್ಲಿ ಒಂದೊಂದೂ
ಬಾಯಿಂದ ಒಂದು ಗುಳ್ಳೆ ಬಿಟ್ಟು ತೆಪ್ಪಗೆ ಕೂರುತ್ತದೆ.
ನೀರು ಕಪ್ಪಗಾಗುತ್ತದೆ,
ದೀಪಾವಳಿ ಮಾರನೇ ಬೆಳಗಿನ ಬೀದಿಯ ವಾಸನೆ.
ಬೋರಿನ ನೀರು ಇದಕ್ಕಾಗದು;
ಸಾವಿರದ ಮುನ್ನೂರು ಅಡಿಯಿಂದ ಎದ್ದು ಬಂದದ್ದು
ಹಿತ್ತಾಳೆಗೂ ಹಲ್ಲಿಗೂ ಒಂದೇ ಕಲೆ ಕೊಡುತ್ತದೆ.
ಐದು ರೂಪಾಯಿ ನಾಣ್ಯ ಹಾಕಿ ಕ್ಯಾನಿನಲ್ಲಿ ತಂದ ಫಿಲ್ಟರ್ ನೀರೇ ಬೇಕು.
ತೋಟಾಗೆ ಕುಡಿಯೋ ನೀರಾ, ಎಂದು ಸೊಸೆ ಬಯ್ಯುತ್ತಾಳೆ.
ಬಯ್ಯಲಿ.

ಕೇಪು ಕಿತ್ತ ತೂತಿಗೆ ಪೊರಕೆಕಡ್ಡಿ.
ಒಳಗಿನ ಮಸಿಗೆ, ಮೊಮ್ಮಗಳು ಸಮ್ರೀನ್ ಕುಡಿದು ಬಿಟ್ಟ
ಹಾಲಿನ ಬಾಟಲಿಯ ನಿಪ್ಪಲ್ ತೊಳೆಯುತ್ತಿದ್ದ ಸಣ್ಣ ಬ್ರಷ್ಷು.
ಅಳತೆ ಕೊಟ್ಟು ಮಾಡಿಸಿದ ಹಾಗೆ ಹಿಡಿಸುತ್ತದೆ.

ಮೂರನೇ ದಿನ, ನೂಲಿನ ರಾಟೆಯ ಶಾಫ್ಟಿಗೆ ಬೆಲ್ಟು ಸಿಕ್ಕಿಸಿ
ಪೇಂಟ್ ಡಬ್ಬ ಉರುಳಿಸುವುದು.
ಒಳಗೆ ತೋಟಾ, ಅದರ ಸುತ್ತ ಕಡಲೆಕಾಯಿ ಸಿಪ್ಪೆಯ ತರಿ,
ರೆಡ್ಡಿಯ ಹೊಲದ್ದೇ, ಹಂದಿ ಬಿಟ್ಟುಳಿದದ್ದು.
ಅತ್ತ ಬಿಸಿನೀರಲ್ಲಿ ಗೂಡು ಕುಣಿಯುತ್ತ ಎಳೆ ಬಿಡುತ್ತದೆ,
ಇತ್ತ ಡಬ್ಬದೊಳಗೆ ಮಳೆ ಬಿದ್ದಂತೆ ಗಲಗಲ.

ನಮ್ಮಲ್ಲಿ ತೂತು ಬಿದ್ದ ಗೂಡಿಗೆ ರೇಟಿಲ್ಲ.
ಒಳಗಿನದು ಹಾರುವ ಮೊದಲೇ ಬೇಯಿಸಬೇಕು.
ಇದು ಉಲ್ಟಾ:
ಹಾರಿಹೋದ ಮೇಲೆಯೇ ನನ್ನ ಕೈಗೆ ಬರುವುದು,
ತೊಳೆದಷ್ಟು ಸಲ ಮತ್ತೆ ತುಂಬುವುದು.
ಯಾವುದು ಪಾಪ ಎಂದು ನನ್ನ ಕೇಳಬೇಡಿ.
ನನ್ನ ಕೈ ಎರಡರದ್ದೂ ನಾರುತ್ತದೆ.

ಈ ಸಲ ಮೊರದಲ್ಲಿ ಬಿಸಿಲಿಗಿಟ್ಟು ಎಣಿಸಿದೆ.
ಮೂವತ್ತೈದು.
ಸಿಪ್ಪೆ ಜರಡಿ ಹಿಡಿದೆ. ಬೋಗುಣಿ ಬೋರಲು ಹಾಕಿದೆ.
ಬಚ್ಚಲ ಮೋರಿಗೆ ಮೊಣಕೈವರೆಗೆ ಕೈ ಬಿಟ್ಟೆ.
ಅವರಿಗಾದರೆ ಲೈಸೆನ್ಸ್ ಪುಸ್ತಕವಿದೆ, ಹಂದಿ ಇದೆ, ಹೊಲವಿದೆ.
ನಮ್ಮಂಥವರ ಮನೆಯಲ್ಲಿ ಒಂದು ತೋಟಾ ಹೆಚ್ಚಿಗೆ ಸಿಕ್ಕರೆ
ಅದು ಒಂದಾಗಿಯೇ ಉಳಿಯುತ್ತದೆಯೇ?

ಆಗ ಅಟ್ಟದ ಮೇಲಿಂದ ಸೀಟಿ.
ಕುಕ್ಕರಿನದಲ್ಲ, ರೈಲಿನದಲ್ಲ.
ಕೆಳದುಟಿಗೆ ಒತ್ತಿ, ತಳದ ತೂತಿಗೆ ಹೆಬ್ಬೆರಳು ಮುಚ್ಚಿ
ಸಮ್ರೀನ್ ಊದುತ್ತಿದ್ದಳು, ಕಣ್ಣುಮುಚ್ಚಿಕೊಂಡು.
ಏಟಿಗೆ ಎತ್ತಿದ ಕೈ ಎತ್ತಿದ ಹಾಗೇ ಇದ್ದಾಗ
ಬಾಗಿಲಲ್ಲಿ ರೆಡ್ಡಿ ಚಪ್ಪಲಿ ಬಿಡುತ್ತಿದ್ದರು.

ಇನ್ನೊಂದ್ಸಲ ಊದು ಪಾಪ, ಎಂದರು.
ಊದಿದಳು.
ಢಂ ಅಂದರೆ ಹಂದಿಗಳು ಈಗ ತಲೆ ಎತ್ತಲ್ಲ,
ಇದಕ್ಕಾದರೂ ಓಡ್ತಾವೇನೋ, ಎಂದು ನಕ್ಕು
ಮೊರ ಅವಳ ಮುಂದೆ ಸರಿಸಿದರು. ಎಲ್ಲ ಊದು.

ಒಂದೊಂದಕ್ಕೂ ಕೂದಲೆಳೆಯಷ್ಟು ಬೇರೆ ದನಿ.
ಹನ್ನೊಂದನೆಯದು ಸುಯ್ ಎಂದು ಬರೀ ಗಾಳಿ.
ಇಪ್ಪತ್ತೇಳನೆಯದೂ.
ಕನ್ನಡಕ ಮೇಲೇರಿಸಿ ಬಿಸಿಲಿಗೆ ಹಿಡಿದರು:
ಬಾಯಂಚಿಂದ ಇಳಿದಿತ್ತು ಬಿರುಕು, ಹೊಳಪಲ್ಲೇ ಅಡಗಿ.
ನಾನು ಉಜ್ಜಿದ್ದು ಅದನ್ನೇ, ಕಂಡಿರಲಿಲ್ಲ.

ರೆಡ್ಡಿ ಏನೂ ಹೇಳಲಿಲ್ಲ.
ಕಪಾಳದ ಹಳೇ ಕಪ್ಪು ಚುಕ್ಕೆಗಳನ್ನು ಒಮ್ಮೆ ಸವರಿಕೊಂಡು
ಎರಡನ್ನೂ ಹೊಸ್ತಿಲ ಕಲ್ಲಿಗಿಟ್ಟು ಗುಂಡುಕಲ್ಲಲ್ಲಿ ಜಜ್ಜಿದರು,
ಯಾರೂ ಏನೆಂದು ಹೇಳಲಾಗದಷ್ಟು ಚಪ್ಪಟೆ.
ಗಂಟು ಕಟ್ಟುವ ಮುನ್ನ,
ಮೂವತ್ನಾಲ್ಕು, ಎಣಿಸಿಕೋ, ಎಂದರು.

ಎಣಿಸಿದೆ.
ಸಮ್ರೀನ್ ತುಟಿ ನೆಕ್ಕಿಕೊಂಡು
ಹುಳಿ, ಎಂದಳು.