ಚುಕ್ಕೆ ಸರಿಸಿದ್ದು

ಬಲ್ಮಠದ ಗುಡ್ಡೆಯ ಮೇಲೆ, ಭಾನುವಾರದ ಶಾಲೆಯ ಕೋಣೆಯಲ್ಲಿ
ಮೇಣಬಟ್ಟೆಯ ನಕ್ಷೆಯೊಂದು ನೇತಾಡುತ್ತಿತ್ತು.
ಉಪ್ಪುಗಾಳಿಗೆ ಮೊದಲು ಅದರ ಸಮುದ್ರ ಸಿಪ್ಪೆ ಎದ್ದಿತು,
ಆಮೇಲೆ ಮರುಭೂಮಿ.

ಒಂದು ದಿನ ಮನೋರಮಾ ಸಾಲಿನ್ಸ್ ಟೀಚರು
ಕೈಯಲ್ಲಿ ಬ್ಲೇಡು ಹಿಡಿದು ಸ್ಟೂಲು ಹತ್ತಿದರು.
ದೆಬೀರ್ ಇಲ್ಲಿ ಅಲ್ಲವಂತೆ ಮಕ್ಕಳೇ, ಅಂದರು,
ನೆಂಟರು ಬಿಡಾರ ಬದಲಿಸಿದ ಸುದ್ದಿಯ ಹಾಗೆ.
ಹಳೆಯ ಚುಕ್ಕೆ ಕೆರೆದು
ಹೆಬ್ಬೆರಳಗಲ ಬಲಕ್ಕೆ ಹೊಸತು ಇಟ್ಟರು,
ತಂಗಿಯ ಉಗುರುಬಣ್ಣದಿಂದ.

ನಕ್ಷೆಯಲ್ಲಿ ಹೆಬ್ಬೆರಳು. ನೆಲದಲ್ಲಿ ಮೂರು ತಾಸಿನ ಗುಡ್ಡದ ದಾರಿ.

ಆ ಊರಿನ ಹಳೆಯ ಹೆಸರು ಕಿರ್ಯತ್ ಸೇಫೆರ್, ಪುಸ್ತಕದ ಊರು.
ಅದರ ಬಗ್ಗೆ ಇರುವುದು ಬೆರಳೆಣಿಕೆಯ ಸಾಲು.
ಗೆದ್ದರು. ಗೆದ್ದವನಿಗೆ ಮಗಳನ್ನು ಕೊಟ್ಟರು.
ಆ ಮಗಳು ಕತ್ತೆಯಿಂದಿಳಿದು, ಒಣನೆಲ ಕೊಟ್ಟೆಯಲ್ಲ ಅಪ್ಪ,
ನೀರೂ ಕೊಡು ಅಂದಳು.
ಮೇಲಿನ ಬುಗ್ಗೆ, ಕೆಳಗಿನ ಬುಗ್ಗೆ, ಎರಡೂ ಕೊಟ್ಟ.

ಮೊದಲು ಅಗೆದವರು ಪಡುವಣ ದಿಬ್ಬವನ್ನೇ ಅದೆಂದರು.
ಗೋಡೆ ಸಿಕ್ಕಿತು. ಕಲ್ಲಿನ ತೊಟ್ಟಿ ಸಿಕ್ಕಿತು,
ಬಣ್ಣ ಅದ್ದಲಿಕ್ಕೆ ಅಂದರು.
ಆಮೇಲೆ ಬಂದವರು, ಮೂಸಿ ನೋಡಿದವರ ಹಾಗೆ,
ಅಲ್ಲ, ಎಣ್ಣೆ ಹಿಂಡಲಿಕ್ಕೆ ಅಂದರು.
ಎಲ್ಲ ಉಂಟು, ಆ ಎರಡು ನೀರು ಮಾತ್ರ ಇಲ್ಲ.
ಮೂಡಣದ ಬೋಳುಗುಡ್ಡದ ಹತ್ತಿರ ಬಾವಿ ಎರಡು,
ಒಂದು ಮೇಲೆ, ಒಂದು ಕೆಳಗೆ.
ಪುಸ್ತಕ ಎರಡೂ ಕಡೆ ಸಿಗಲಿಲ್ಲವಂತೆ.

ಹಿಂದಿನ ಬೆಂಚಿನ ಸುಮಂತ ಕರ್ಕಡ ಕೇಳಿದ:
ಹಾಗಾದರೆ ಹಳೆಯ ದಿಬ್ಬ ಯಾವ ಊರು, ಟೀಚರ್?
ಉಗುರುಬಣ್ಣದ ಮುಚ್ಚಳ ತಿರುಗಿಸುತ್ತ ಅವರು
ತುಂಬ ಹೊತ್ತು ತಿರುಗಿಸಿದರು.

ನನ್ನ ಅಮ್ಮ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಹಸಿಹಂಚು ಹೊರುತ್ತಿದ್ದಳು. ಪ್ರತಿ ಹಂಚಿನ ಹೊಟ್ಟೆಯಲ್ಲೂ
ಊರಿನ ಹೆಸರು, ಇಂಗ್ಲಿಷಿನಲ್ಲಿ.
ಓದು ಬಾರದ ಅಮ್ಮನಿಗೆ
ಅಕ್ಷರ ತಲೆಕೆಳಗಾದರೆ ಮಾತ್ರ ಗೊತ್ತಾಗುತ್ತಿತ್ತು.
ಬಂದರಿನಿಂದ ಹಡಗು ಹತ್ತಿ ಹೋದವು ಕೊಲಂಬೊಗೆ, ಮೊಂಬಾಸಕ್ಕೆ.
ಮೂರು ಸಾವಿರ ವರ್ಷ ಕಳೆದು
ಅಲ್ಲಿ ಅಗೆಯುವವನೊಬ್ಬ ಚೂರು ತೊಳೆದು ಓದಿ
ಕುಣಿದಾನು: ಸಿಕ್ಕಿತು, ಇದೇ ಮಂಗಳೂರು!
ಇಲ್ಲಿ ಕೇಳಿದರೆ ಒಬ್ಬರು ಕುಡ್ಲ ಅನ್ನುತ್ತಾರೆ,
ಒಬ್ಬರು ಕೊಡಿಯಾಲ್, ಇನ್ನೊಬ್ಬರು ಮೈಕಾಲ.
ಕುಂಟಿಬಿಲ್ಲೆಗೆ ಹೆಕ್ಕಿದ ಚೂರಿನಲ್ಲಿ ನಮಗೆ
ಅರ್ಧ ಹೆಸರೇ ಸಿಗುತ್ತಿತ್ತು.

ಮೊನ್ನೆ ಹೋದೆ. ಹೊಗೆಗೊಳವೆ ಇಲ್ಲ,
ಹದಿನಾಲ್ಕು ಮಾಳಿಗೆ ಎದ್ದಿದೆ.
ಮಾರಾಯ್ರೆ, ಬಾಗಿಲು ಯಾವ ಕಡೆ ಇತ್ತೆಂದೇ ತಿಳಿಯಲಿಲ್ಲ.
ವಾಚ್‌ಮನ್ನಿಗೆ ಕೇಳಿದೆ: ಬಾವಿ ಉಂಟಾ ಇಲ್ಲಿ?
ಇದೆ ಮೇಡಂ, ಪಾರ್ಕಿಂಗಿನ ಕೆಳಗೆ ಒಂದು, ಸ್ಲ್ಯಾಬು ಹಾಕಿದ್ದಾರೆ.
ಮೇಲೆ ಜನರೇಟರಿನ ಹಿಂದೆ ಇನ್ನೊಂದು.

ಕೆಳಗಿನದು ಮಣ್ಣು ಕಲಸಲಿಕ್ಕೆ, ಮೇಲಿನದು ಆಫೀಸಿಗೆ.
ಒಂದು ಏಪ್ರಿಲಿನಲ್ಲಿ ಅಮ್ಮ ತಲೆಯ ಹಲಗೆ ಇಳಿಸಿ
ಮೇಸ್ತ್ರಿಯ ಎದುರು ನಿಂತಿದ್ದಳಂತೆ:
ಕುಡಿಯಲಿಕ್ಕೆ ನಮಗೆ ಯಾವುದು?
ಆ ದಿನ ಅರ್ಧ ಕೂಲಿ ಕಡಿದರು.
ಮರುದಿನ ಮೇಲಿನ ಬಾವಿಗೆ ಎರಡನೆಯ ಹಗ್ಗ ಬಂತು.

ಸ್ಲ್ಯಾಬಿನ ಮೇಲೆ ಬಿಳಿ ಕಾರೊಂದು ನಿಂತಿತ್ತು.
ಕೈಚೀಲ ತಡಕಿದೆ. ಕನ್ನಡಕ, ಬಸ್ಸಿನ ಚೀಟಿ, ಮಾತ್ರೆ.
ಗುರುತು ಹಾಕಲಿಕ್ಕೆ ಏನೂ ಇರಲಿಲ್ಲ.