ಎಷ್ಟು ಇಂಚು

ರಾತ್ರಿ ಎರಡೂ ನಲವತ್ತು. ನವನಗರದ ಆಸ್ಪತ್ರೆ,
ಯುರಾಲಜಿ ವಾರ್ಡು, ಒಂಬತ್ತನೇ ಮಂಚ.
ಬೆನ್ನಿಗೆ ತೂತು ಕೊರೆದು ಕಲ್ಲು ತೆಗೆದು ಹನ್ನೊಂದು ತಾಸು.
ಚೂರುಗಳು ಶೀಶೆಯಲ್ಲಿವೆ, ಬಂದವರಿಗೆಲ್ಲ ತೋರಿಸಿ ಆಗಿದೆ.
ಈಗ ಗದಿಗೆಪ್ಪನಿಗೆ ಉಸಿರು ಪೂರ್ತಿ ಒಳಗಿಳಿಯುತ್ತಿಲ್ಲ.

ನೋವಿರಬಹುದು, ಅಂದರು ಫೋನಿನಲ್ಲಿ ಹಿರಿಯರು.
ಇರಬಹುದು. ನಾಡಿ ನೂರಾ ಹದಿನೆಂಟು.
ಸಿಟಿ ಯಂತ್ರ ಎರಡು ಮಹಡಿ ಕೆಳಗೆ,
ಲಿಫ್ಟಿನವನು ಎಲ್ಲೋ ನಿದ್ದೆಯಲ್ಲಿ.
ಒಂದು ಗಾಲಿ ಕಿರುಗುಡುವ ಸೋನೋಗ್ರಫಿ ಗಾಡಿಯನ್ನು
ನಾನೇ ತಳ್ಳಿಕೊಂಡು ಬಂದೆ,
ಮಲಗಿದ್ದವರ ಬೈಗುಳ ತಿನ್ನುತ್ತ.

ತಣ್ಣನೆ ಜೆಲ್ಲಿ ಬಿದ್ದೊಡನೆ ಕಣ್ಣು ಬಿಟ್ಟ.
“ಏನ ಹುಡಕಾಕತ್ತೀರಿ ತಂಗಿ?”
“ನೀರು.”
ನಗಲು ಹೋಗಿ ಪಕ್ಕೆ ಹಿಡಿದುಕೊಂಡ.
ಮೂವತ್ತು ವರ್ಷ ಕೆರೂರು ಸೀಮೆಯಲ್ಲಿ
ಬೇವಿನ ಕವಲು ಹಿಡಿದು ನಡೆದವನು.
ಬೋರಿಗೆ ಪಾಯಿಂಟ್ ಕೊಡುವ ಮೊದಲು
ಚಪ್ಪಲಿ ಬಿಡುತ್ತಾನಂತೆ.
“ನೀವೂ ಬಿಡ್ರಿ.”
ಬಿಟ್ಟೆ. ಯಾಕೋ, ಬಿಟ್ಟೆ.

ಪರದೆಯ ಮೇಲೆ ಬೂದು ಬಣ್ಣದ ಮಡ್ಡಿ ಹೊಲ.
ಮೂತ್ರಪಿಂಡದ ಸುತ್ತ ರಕ್ತ ನಿಂತಿಲ್ಲ,
ಕೊಳವೆ ಇದ್ದಲ್ಲೇ ಇದೆ.
ಪ್ರೋಬನ್ನು ಒಂದು ಪಕ್ಕೆಲುಬು ಮೇಲಕ್ಕೆ ಸರಿಸಿದೆ.
ವಪೆಯ ಬಿಳಿ ಬದುವಿನಾಚೆ
ಗಾಳಿ ಇರಬೇಕಾದಲ್ಲಿ
ಕಪ್ಪು.
ಕಪ್ಪಿನೊಳಗೆ ಶ್ವಾಸಕೋಶದ ಅಂಚು
ಹೊಳೆಗೆ ಬಿಟ್ಟ ಸೆರಗಿನ ಹಾಗೆ ಆಡುತ್ತಿತ್ತು.

ಈ ಯಂತ್ರದಲ್ಲಿ ಕಪ್ಪೆಂದರೆ ನೀರು.
ಅವನ ವಿದ್ಯೆಯಲ್ಲಿ, ಕವಲು ಬಾಗಿತು.

ಖುರ್ಷಿದಾ ಸಿಸ್ಟರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.
“ಹಳೇ ಬಾಗಲಕೋಟಿಯೊಳಗ ನಮ್ಮ ಮನೀಗೂ ಹಿಂಗ ಬಂತ್ರಿ
ಡ್ಯಾಮಿನ ನೀರು. ಗದ್ದಲಾ ಮಾಡಲಿಲ್ಲ.
ಮೊದಲ ಹಿತ್ತಲಾ, ಆಮ್ಯಾಲೆ ಬಚ್ಚಲಾ,
ಒಂದಿನ ನೋಡಿದ್ರ, ಒಲಿಯೊಳಗ.”
ಹೇಳುತ್ತಲೇ ಕೈಗವಸಿನ ಪೊಟ್ಟಣ ಹರಿದು ಕೊಟ್ಟರು,
ಆರೂವರೆ, ನನ್ನ ಅಳತೆಯದೇ.

ಸೂಜಿ ಇಳಿಯಿತು. ನಳಿಗೆಯಲ್ಲಿ
ಮೊದಲು ಎರಡು ಗುಳ್ಳೆ, ಆಮೇಲೆ ತೆಳ್ಳಗೆ
ಇಳಕಲ್ ಕಲ್ಲಿನ ಗುಲಾಬಿ.
ಬಾಟಲಿಯಲ್ಲಿ ಗೆರೆ ಏರುವುದನ್ನು
ಮೂವರೂ ಮಾತಿಲ್ಲದೆ ನೋಡಿದೆವು.
ಏಳುನೂರು ಮಿಲಿ. ನಾಡಿ ತೊಂಬತ್ತಾರು.

“ಎಷ್ಟ ಇಂಚ ಬಿತ್ರಿ?”
“ಒಂದೂವರೆ.”
“ಸಾಕ ಬಿಡ್ರಿ, ಮನೀ ಮಟ್ಟಿಗೆ ಆಗ್ತದ,”
ಅಂದವನೇ ನಿದ್ದೆ ಹೋದ.

ಗಾಡಿ ವಾಪಸ್ ತಳ್ಳುವಾಗ ನೆಲ ತಣ್ಣಗಿತ್ತು.
ಚಪ್ಪಲಿ ಅವನ ಮಂಚದ ಕೆಳಗೇ ಉಳಿದಿದ್ದವು.